ಹೈದರಾಬಾದಿಗೆ ಬೇಕಾದ ಹೆಣಗಳು

"ಸತ್ತಾಕಿ ಕೆಮ್ಮತಾಳೇನ? ಬಾಯಿ ಮುಚ್ಕೊಂಡು ಸಾಯಿ, ರಂಡಿ!"

ಗುತ್ತಿಗೆದಾರ ಅರುಣಕುಮಾರನ ಬೈಗುಳಕ್ಕೆ ಆಶಾಬಿ ಕೆಮ್ಮು ನುಂಗಿ ಮತ್ತೆ ಸತ್ತಳು. ದಿನಾ ಅವನ ಖಣಿಯಲ್ಲಿ ಕಲ್ಲು ಹೊರುವವಳಿಗೆ ಇವತ್ತು ಹೆಣವಾಗುವ ಕೂಲಿ. ನೂರು ವರ್ಷಕ್ಕೂ ಹಿಂದೆ ಮೂಸಿ ನದಿ ಉಕ್ಕಿ ಹೈದರಾಬಾದ್ ಶಹರ ಮುಳುಗಿತ್ತಲ್ಲ, ಅದರ ಸಿನಿಮಾ ತೆಗೆಯಲು ಶಹರದ ಸಾಹೇಬರು ನಮ್ಮೂರು ದಂಡೋತಿಗೆ ಬಂದಿದ್ದರು. ಮೂಸಿ ಈಗ ಗಬ್ಬು ನಾರುತ್ತದೆ, ಮೂಗು ಹಿಡಿದುಕೊಂಡು ಸಾಯುವವರು ಯಾರು? ಅದಕ್ಕೇ ನಮ್ಮೂರ ಕಾಗಿಣಾ ನದಿ ಮೂಸಿಯ ವೇಷ ಹಾಕಬೇಕಾಯಿತು.

"ಇವು ಭಾಳ ಬಡಕಲ ಹೆಣ ಅಂತಾರ ಸಾಹೇಬರು," ಎಂದು ಅರುಣಕುಮಾರ ತಲೆ ಕೆರೆದುಕೊಂಡ. "ಶಹರದ ಮಂದಿ ತಿಂದುಂಡು ಸತ್ತಿದ್ರಂತ."

ಹೊಟ್ಟೆ ಇದ್ದ ಹೆಣವೊಂದು ಬೇಕಾಗಿ ತನ್ನ ಸೋದರಮಾವ ಬಸವಲಿಂಗ ಗೌಡನನ್ನೇ ಕರೆತಂದ. ಗೌಡ ಜಮಖಾನ ಹಾಸಿಸಿಕೊಂಡು ಮಲಗಿ, ಪಕ್ಕದ ಹೆಣದ ಕಡೆ ಒಂದು ಕಣ್ಣು ತೆರೆದ.

"ಏ ಅಂಬರಾಯ, ಆ ಕಡಿ ಸರದು ಸಾಯಲೇ ಮಗನ. ನನ್ನ ಹೆಣ ಮುಟ್ಟಬ್ಯಾಡ."

ಹೊಲಗೇರಿಯ ಅಂಬರಾಯ ಕೆಸರಿನಲ್ಲಿ ತೆವಳಿಕೊಂಡು ದೂರ ಹೋಗಿ ಮತ್ತೆ ಸತ್ತ.

ಆಶಾಬಿಯ ಅರೆಗಣ್ಣೆಲ್ಲ ದಡದ ಬೋಟಿನ ಮೇಲೆ. ರಬ್ಬರಿನದು, ಹಿಂದೆ ಮೋಟಾರು, ಕ್ಯಾಮೆರಾ ನೆನೆಯಬಾರದೆಂದು ತಂದದ್ದು. ಹೋದ ಮಳೆಗಾಲ ಕಾಗಿಣಾ ಗುಡಿಸಲುಗಳಿಗೆ ನುಗ್ಗಿದಾಗ ಅಂಬರಾಯನ ಹೆಂಡತಿ ತಗಡಿನ ಮೇಲೆ ಕೂತು ಹಗಲೆಲ್ಲ ಕೂಗಿದ್ದಳು. ಬೋಟ್ ಕಳಿಸ್ರೀ ಅಂತ ಅಧಿಕಾರಿಗಳ ಕಾಲು ಹಿಡಿದರೆ "ಬರ್ತದ, ಬರ್ತದ" ಅಂದರು. ಅದು ಬರಲೇ ಇಲ್ಲ, ಆಕೆ ಹೆಣವಾಗಿ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿದ್ದಳು. ಈಗ ಆಶಾಬಿಯ ಮಗಳು ಮಹೆವಿಶ ತುಂಬಿದ ಬಸುರಿ. ಅದೇ ದಂಡೆ, ಅದೇ ಗುಡಿಸಲು, ಮೇಲೆ ಕರಿಮೋಡ. ನೀರೇರಿದರೆ ಆ ಪೋರಿಯನ್ನು ಹೊತ್ತೊಯ್ಯುವುದು ಹೆಂಗೆ? ಆಶಾಬಿ ತಡೆಯಲಾರದೆ ಎದ್ದು ಕೂತಳು.

"ಸಾವ್ಕಾರ್ರ, ಮಳಿಗಾಲ ಮುಗಿಯೋತನಕ ಆ ಬೋಟ್ ಇಲ್ಲೇ ಬಿಡಸ್ರಿ. ನನ್ನ ಪೋರಿಗಿ ದಿನ ತುಂಬ್ಯಾವ."

"ಹೆಣಕ್ಕ ಬೋಟ್ ಬೇಕಂತ! ಅದು ಕ್ಯಾಮೆರಾದ್ದು, ಸಂಜಿಗಿ ಶಹರಕ್ಕ ಹೋಗ್ತದ. ನಿನ್ನ ಮಗಳು ಮುಳಗಿದ್ರ ಮುಳಗ್ಲಿ, ನಮಗೇನು? ಬಿದ್ಕೋ!"

ಆಶಾಬಿ ಬಿದ್ದುಕೊಳ್ಳಲಿಲ್ಲ. ನೆಟ್ಟಗೆ ನಡೆದು ಬೋಟ್ ಹತ್ತಿದಳು. ಅಂಗಾತ ಮಲಗಿ ಕಣ್ಣು ಮುಚ್ಚಿದಳು.

"ಇಳೀ, ಹಾದರಗಿತ್ತಿ!"

ಅರುಣಕುಮಾರ ಬೋಟಿಗೆ ಕಾಲಿಟ್ಟು ಅವಳ ಪಕ್ಕೆಗೆ ಒದ್ದ. ಅವಳು ಮಿಸುಕಲಿಲ್ಲ. ಅವಳ ಅವ್ವನನ್ನು ಬೈದ, ಅವ್ವನ ಅವ್ವನನ್ನೂ ಬಿಡಲಿಲ್ಲ. ಹೆಣಕ್ಕೆ ಏನು ಕೇಳುತ್ತದೆ, ಮಣ್ಣು? ಅಷ್ಟರಲ್ಲಿ ಕೆಸರಿನಿಂದ ಇನ್ನೊಂದು ಹೆಣ ಎದ್ದು ಬಂದು ಅವಳ ಪಕ್ಕ ಮಲಗಿತು. ಅದರ ಹಿಂದೆ ಮತ್ತೊಂದು, ಮಗುದೊಂದು. ಸಾಹೇಬರು ಕ್ಯಾಮೆರಾ ತಬ್ಬಿಕೊಂಡು "ಕಟ್! ಕಟ್!" ಎಂದು ಅರಚಿದರು.

"ಏ, ನಾ ಒಬ್ಬನ ಸತ್ತಿರಲೇನು ಇಲ್ಲಿ?" ಎಂದು ಜಮಖಾನದ ಮೇಲಿನ ಗೌಡ ಕೂಗಿದ.

ಅಂಬರಾಯ ಕೊನೆಗೆ ಬಂದ. ಬೋಟಿನ ಹಗ್ಗ ಎಳೆದೊಯ್ದು ದಡದಲ್ಲೇ ಇದ್ದ ಆಶಾಬಿಯ ಗುಡಿಸಲ ಮುಂದಿನ ಬೇವಿಗೆ ಸುತ್ತಿ, ಹಲ್ಲು ಕಚ್ಚಿ ಗಂಟು ಬಿಗಿದ. ಆಮೇಲೆ ಬೋಟಿನೊಳಗೆ ಸಿಕ್ಕಷ್ಟು ಜಾಗದಲ್ಲಿ ಕಾಲು ಮಡಚಿಕೊಂಡು ಸತ್ತ.