ಬಾಣಂತಿ ಕೋಣೆಯ ಕೆಂಡ

“ಸಹಿ ಹಾಕ್ರಿ. ಎಲ್ಲಾ ಸರಿ ಅದ,” ಎಂದು ಹಣಮೇಶ ಕಟ್ಟೆಯ ಮೇಲೆ ಕೂತಲ್ಲಿಂದಲೇ ಮೊಬೈಲು ಚಾಚಿದ. ಶಹಾಪುರದ ಗ್ಯಾಸ್ ಏಜೆನ್ಸಿಯಿಂದ ತಪಾಸಣೆಗೆಂದು ಸಗರ ಹಳ್ಳಿಗೆ ಬಂದವನು ಚಹಾ ಕುಡಿದಿದ್ದ, ಬಾಗಿಲ ಫೋಟೊ ಹೊಡೆದುಕೊಂಡಿದ್ದ. ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಬಸ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಪೈಪ್ ನೋಡೀರೇನು?”

“ದಿನಾ ಇಂಥವೇ ನೋಡ್ತೀನಿ ಬಿಡವ್ವಾ.”

ಇಂಥದ್ದನ್ನು ಅವನೇನು, ಅವನಪ್ಪನೂ ನೋಡಿರಲಿಕ್ಕಿಲ್ಲ. ಜೋಳದ ರೊಟ್ಟಿಯನ್ನು ನೆಲಕ್ಕೆ ಕೂತೇ ಬಡಿಯಬೇಕೆಂದು ಒಲೆ ಹೊರಗೆ, ತಗಡಿನ ಕೆಳಗೆ ನೆಲದ ಮೇಲಿತ್ತು. ಕಳ್ಳರ ಭಯಕ್ಕೆ ಸಿಲಿಂಡರು ಒಳಕೋಣೆಯಲ್ಲಿತ್ತು. ಒಂದು ಪೈಪು ಸಾಲಲಿಲ್ಲವೆಂದು ಗಂಡ ಅಮಾತೆಪ್ಪ, ಹತ್ತಿ ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಪಂಪಿನ ನಳಿಗೆಯ ತುಂಡಿನಿಂದ ಎರಡು ಪೈಪು ಜೋಡಿಸಿ, ಗೋಡೆ ಕೊರೆದು ತೂರಿಸಿದ್ದ. ಇಲಿ ಕಡಿಯದಿರಲೆಂದು ಮೇಲೆ ಹಳೇ ಸೀರೆ ಬೇರೆ ಸುತ್ತಿದ್ದ. ಈಗ ಅದೇ ಕೋಣೆಯಲ್ಲಿ ಮಗಳು ಪರಿಮಳಾ ಬಾಣಂತಿ. ಮಂಚದ ಮೇಲೆ ಒಂಬತ್ತು ದಿನದ ಕೂಸು. ಬಾಣಂತಿ ಮೈ ಕಾಯಲೆಂದು ಮಂಚದ ಕೆಳಗೆ ದಿನಾ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ ಇಡುತ್ತಿದ್ದರು.

ಮುಂಜಾನೆ ಗ್ಯಾಸ್ ವಾಸನೆ ಬಂದಾಗ ಬಸ್ಸಮ್ಮ ಬುಟ್ಟಿಯನ್ನು ಅಂಗಳಕ್ಕೆ ತಂದಿಟ್ಟಿದ್ದಳು. “ಮೂಗು ನಿನಗೊಬ್ಬಾಕಿಗೇ ಅದೇನು? ನಾಕು ವರ್ಷದಾಗ ಏನಾಗ್ಯದ? ಪೋರಿಗಿ ಥಂಡಿ ಹತ್ತತದ, ಒಳಗ ಇಡು,” ಎಂದು ಅಮಾತೆಪ್ಪ ಒದರಿದ್ದ. ಆದರೂ ಬುಟ್ಟಿ ಅಂಗಳದಲ್ಲೇ ಇತ್ತು.

ಈಗ ಬಸ್ಸಮ್ಮ ನೇರ ಒಳಗೆ ನಡೆದಳು. ಬಾಣಂತಿ ಗಾಳಿಗೆ ಬರಬಾರದೆಂಬ ಮಾತನ್ನು ಒಲೆಗೆ ಹಾಕಿ, ಮಗಳನ್ನೂ ಕೂಸನ್ನೂ ಅಂಗಳದಾಚೆಯ ಬೇವಿನ ಕೆಳಗೆ ಕೂರಿಸಿದಳು. ಕೋಣೆಗೆ ಹೋಗಿ ಸೀರೆ ಹರಿದು, ಪೈಪು ಜೋಡಿಸಿದಲ್ಲಿ ಸಾಬೂನು ನೀರು ಸುರಿದಳು.

“ಬರ್ರಿ ಇಬ್ಬರೂ! ಕಣ್ಣು ತೆರದು ನೋಡ್ರಿ!”

ಸೋರುವ ಗ್ಯಾಸಿಗೆ ಗುಳ್ಳೆ ಉಬ್ಬಿ ಒಡೆಯಿತು. ಮತ್ತೊಂದು ಉಬ್ಬಿತು. ಹಣಮೇಶ ಬಾಗಿಲಲ್ಲೇ ನಿಂತ. ಅವನ ಹಿಂದಿನಿಂದ ಅಮಾತೆಪ್ಪ ಇಣುಕಿದ.

ಬಸ್ಸಮ್ಮ ಸರಸರ ಅಂಗಳಕ್ಕೆ ಹೋಗಿ, ಸೆರಗು ಸುತ್ತಿದ ಕೈಯಿಂದ ಕೆಂಡದ ಬುಟ್ಟಿ ಎತ್ತಿಕೊಂಡು ಅಲ್ಲೇ ನಿಂತಳು.

“ಸರಿ ಅದ ಅಂದ್ರೆಲ್ಲ? ತಗೋರಿ, ನಿಮ್ಮ ಕೈಯಾರೆ ಮಂಚದ ಕೆಳಗ ಇಟ್ಟು ಬರ್ರಿ. ಆಮ್ಯಾಲ ಸಹಿ ಹಾಕ್ತೀನಿ.”

ಹಣಮೇಶ ಮೊಬೈಲು ಕಿಸೆಗಿಟ್ಟು ಹಿಂದೆ ಸರಿದ. ಅವಳು ಗಂಡನ ಕಡೆ ತಿರುಗಿದಳು.

“ನೀನರ ಇಡು. ಪೋರಿಗಿ ಥಂಡಿ ಹತ್ತತದಲ್ಲ?”

ಅಮಾತೆಪ್ಪ ಕೆಂಡ ನೋಡಿದ, ಬೇವಿನ ಕೆಳಗಿನ ಕೂಸನ್ನು ನೋಡಿದ. ತಲೆ ತಗ್ಗಿಸಿ ಬರಿಗೈಯಲ್ಲಿ ಒಳಗೆ ಹೋದ. ಸಿಲಿಂಡರಿನ ರೆಗ್ಯುಲೇಟರು ಟಕ್ ಎಂದು ಬಂದ್ ಆಯಿತು.

ಆ ಪೈಪು ಹೊರಗೆ ಬರುವ ತನಕ ಬಸ್ಸಮ್ಮ ಬುಟ್ಟಿ ಇಳಿಸುವವಳಲ್ಲ. ಸೆರಗಿನೊಳಗೆ ಅಂಗೈ ಸುಡುತ್ತಿತ್ತು. ಕೆಂಡದ ಮೇಲೆ ತೆಳ್ಳಗೆ ಬೂದಿ ಕಟ್ಟತೊಡಗಿತ್ತು.