ಮನೆಗೆ ಕಳಿಸುವ ಮುನ್ನ ಒಂದು ನಡಿಗೆ

ದರ್ಜಿಯ ವಂಶದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಮಹತ್ವದ ಸಂಗತಿಯೆಂದರೆ, ಅವನು ತನ್ನ ಪ್ಯಾಂಟಿನ ಸೊಂಟದ ಹೊಲಿಗೆಯನ್ನು ಮತ್ತೊಮ್ಮೆ ಬಿಚ್ಚಿ ಅಗಲ ಮಾಡಿಕೊಂಡದ್ದು. ಬೇರೆಯವರಾಗಿದ್ದರೆ ಪ್ಯಾಂಟು ಬಿಗಿಯಾಯಿತೆಂದು ಗಾಬರಿಯಾಗುತ್ತಿದ್ದರು. ಇವನ ಕೈಯಲ್ಲಿ ಕತ್ತರಿಯಿತ್ತು, ಬಿಗಿಯಾದಾಗಲೆಲ್ಲ ಸಡಿಲಿಸಿಕೊಂಡ. ಮೈಯಲ್ಲಿ ನೀರು ತುಂಬುತ್ತಿದ್ದದ್ದು ಗೊತ್ತೇ ಆಗಲಿಲ್ಲ.

ಅವನ ಅಂಗಡಿಯ ಪಕ್ಕದಲ್ಲೇ ಇಸ್ತ್ರಿ ಅಂಗಡಿ ಇಟ್ಟಿದ್ದ ಅಕ್ಕ ಬೆಳಿಗ್ಗೆ ಇಣುಕಿದಾಗ, ತಮ್ಮ ಹೊಲಿಗೆ ಮಷಿನ್ನಿಗೆ ಒರಗಿ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಎಳೆದು ತಂದಳು. ಆಮ್ಲಜನಕ ಕೊಟ್ಟರು, ಮೈಯ ನೀರಿಳಿಯುವ ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ದರ್ಜಿ, ಡಾಕ್ಟರಮ್ಮನ ಕೋಟಿನ ತೋಳು ಉದ್ದವಾಯಿತೆಂದು ಟೀಕಿಸುವಷ್ಟು ಸುಧಾರಿಸಿದ.

"ನಂಗೇನಾಗಿಲ್ಲ. ಮನೆಗೆ ಕಳ್ಸಿ," ಎಂದ.

"ರಾತ್ರಿ ಮಲಗಿದ್ರೆ ಉಸಿರು ಕಟ್ಟತ್ತಾ?" ಡಾಕ್ಟರಮ್ಮ ಕೇಳಿದರು.

"ಛೇ, ಇಲ್ಲಪ್ಪ."

ಅಕ್ಕನ ಮೈ ಉರಿದುಹೋಯಿತು. "ಸುಳ್ಳು ಬೊಗಳ್ಬೇಡ್ವೋ! ಮಲಗೋಕಾಗ್ದೆ ಕೂತ್ಕೊಂಡೇ ತೂಕಡಿಸ್ತಾನೆ, ಡಾಕ್ಟ್ರೇ. ಕಾಲು ನೋಡಿ, ದಿಂಬಿನ ಹಾಗಿದೆ. ಹಾರ್ಟ್ ವೀಕು ಅಂತ ಮೊದ್ಲು ಕೊಟ್ಟಿದ್ದ ನೀರಿಳಿಯೋ ಮಾತ್ರೆನೂ ಬಿಟ್ಬಿಟ್ಟಿದಾನೆ!"

"ಅದನ್ನ ನುಂಗಿದ್ರೆ ಗಳಿಗೆಗೊಂದ್ಸಲ ಎದ್ದು ಹೋಗ್ಬೇಕಲ್ಲೇ ಅಕ್ಕ. ಗಿರಾಕಿಗಳು ಕಾಯ್ತಿರ್ತಾರೆ."

"ಕಾಯ್ಲಿ! ನಿನ್ನ ಹೆಣ ಹೊರೋಕೂ ಅವ್ರೇ ಬರ್ತಾರಾ?"

ಡಾಕ್ಟರಮ್ಮ ನಗಲಿಲ್ಲ. "ಈಗ ಹಾಯಾಗಿದೆ ಅಂದಮಾತ್ರಕ್ಕೆ ಅಪಾಯ ಕಳೀತು ಅಂತಲ್ಲ. ಕೆಲವ್ರನ್ನ ಧೈರ್ಯವಾಗಿ ಮನೆಗೆ ಕಳಿಸ್ಬಹುದು, ಇನ್ನು ಕೆಲವ್ರು ಮನೆ ಮುಟ್ಟಿದ ಮೇಲೆ ಕುಸೀತಾರೆ. ಬರೀ ಮುಖ ನೋಡಿ ಹೇಳೋಕಾಗಲ್ಲ. ಬಿಪಿ, ಇಸಿಜಿ, ಕಿಡ್ನಿ ಹೇಗಿದೆ ಅನ್ನೋ ರಕ್ತಪರೀಕ್ಷೆ, ಎಲ್ಲಾ ನೋಡ್ಬೇಕು. ಈಗ ಸ್ವಲ್ಪ ನಡೆದು ತೋರ್ಸಿ."

"ಅಷ್ಟೇನಾ?" ದರ್ಜಿ ಮದುಮಗನ ಗತ್ತಿನಲ್ಲಿ ಹೊರಟ. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿ ನರ್ಸ್ ಅವನ ಪಕ್ಕದಲ್ಲೇ ನಡೆದರು. ಹಜಾರದ ಅರ್ಧಕ್ಕೆ ಗತ್ತು ಇಳಿಯಿತು, ಆಮ್ಲಜನಕವೂ ಇಳಿಯಿತು. ಗೋಡೆ ಹಿಡಿದು ನಿಂತವನಿಗೆ ಅಕ್ಕಾ ಎಂದು ಕರೆಯಲೂ ಉಸಿರಿರಲಿಲ್ಲ.

"ಇನ್ನೂ ಮನೆಗೆ ಹೋಗ್ತೀಯೇನೋ, ಮಹಾರಾಯ?" ಅಕ್ಕ ಗದರಿದಳು. ಗದರುತ್ತಲೇ ಬೆನ್ನಿಗೆ ಕೈಕೊಟ್ಟು ಹಿಡಿದುಕೊಂಡಳು.

ಅವನು ಇಲ್ಲವೆಂದು ತಲೆಯಾಡಿಸಿದ. ಆಮ್ಲಜನಕ ಮತ್ತೆ ಹಾಕಿದ ಮೇಲೆ ಮಾತು ಬಂತು: "ಇರ್ತೀನಿ. ಮಾತ್ರೆನೂ ನುಂಗ್ತೀನಿ. ಬೈಬೇಡ."

ಓದುವವರೇ, ಆಸ್ಪತ್ರೆಯಲ್ಲಿ ಬಿಂಕ ಬೇಡ. ಊದಿದ ಕಾಲು, ಏರಿದ ತೂಕ, ಬಿಟ್ಟ ಮಾತ್ರೆ, ಕೂತು ಕಳೆದ ರಾತ್ರಿ ಎಲ್ಲವನ್ನೂ ಹೇಳಿಬಿಡಿ. ರೋಗಿ ಹೇಳದಿದ್ದರೆ ಜೊತೆಯವರು ಹೇಳಿ. ಉಸಿರು ಸಲೀಸಾಯಿತೆಂದು ಮನೆಗೆ ಓಡಬೇಡಿ. "ಈಗ ಕರ್ಕೊಂಡು ಹೋದ್ರೆ ಅಪಾಯ ಇಲ್ವಾ?" ಎಂದು ಕೇಳಿ; ಸರಿಯಾದ ಉತ್ತರ ಸಿಗುವವರೆಗೆ ಜಾಗ ಬಿಡಬೇಡಿ.

ದರ್ಜಿಯನ್ನು ವಾರ್ಡಿಗೆ ಸೇರಿಸಿಕೊಂಡರು. ಮಾರನೆಯ ದಿನ ಅವನಿಗೆ ಮತ್ತೆ ಉಸಿರು ಕಟ್ಟಿತು. ಡಾಕ್ಟರು ಪಕ್ಕದಲ್ಲೇ ಇದ್ದರು. ಬದುಕಿಕೊಂಡ.