ಮುಡಿ ಕೊಟ್ಟ ಮೇಲೆ

ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದ ಮಾರನೆಯ ಬೆಳಗ್ಗೆ ಶಿವನಂಜಮ್ಮ ಕೆಲಸಕ್ಕೆ ಹೋದಳು. ಗೇಟಿನ ಪಕ್ಕದ ಗೋಡೆಯಲ್ಲಿದ್ದ ಹಾಜರಿ ಯಂತ್ರದ ಮುಂದೆ ಎಂದಿನಂತೆ ನಿಂತಳು. ಅದು ಅವಳ ಮುಖವನ್ನು ಒಂದು ಸಲ ನೋಡಿತು, ಇನ್ನೊಂದು ಸಲ ನೋಡಿತು, ಆಮೇಲೆ ಹೆಣ್ಣಿನ ದನಿಯಲ್ಲಿ ಬಹಳ ಮರ್ಯಾದೆಯಿಂದ, ‘ಗುರುತು ಸಿಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತು.

ಅವಳು ಪ್ರಯತ್ನಿಸಿದಳು. ತಲೆಯ ಮೇಲಿನ ಸೆರಗು ತೆಗೆದು ನಿಂತಳು, ಹೊದ್ದುಕೊಂಡು ನಿಂತಳು, ಕತ್ತು ಎತ್ತಿ ನಿಂತಳು. ಹಿಂದೆ ಸಾಲಿನಲ್ಲಿದ್ದವರು ಮೊದಲು ನಕ್ಕರು, ಆಮೇಲೆ ಹೊತ್ತಾಯಿತೆಂದು ಗೊಣಗಿದರು. ಅವಳ ಜೊತೆಗೇ ಗುಡಿಸಿ ಒರೆಸುವ ಬಸಮ್ಮ, “ಮಾದಪ್ಪನಿಗೇ ಗುರುತು ಸಿಕ್ತು, ಈ ಡಬ್ಬಕ್ಕೇನು ದೊಡ್ರೋಗ?” ಎಂದಳು.

ರಿಂಗ್ ರಸ್ತೆಯ ಆ ಐದು ಅಂತಸ್ತಿನ ಕಟ್ಟಡದಲ್ಲಿ ಏಳೆಂಟು ಕಂಪನಿಗಳಿವೆ. ಎಲ್ಲಕ್ಕೂ ಗುಡಿಸುವ, ಒರೆಸುವ ಜನರನ್ನು ಕೊಡುವುದು ಒಂದು ಏಜೆನ್ಸಿ. ಶಿವನಂಜಮ್ಮ ಆ ಏಜೆನ್ಸಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಹಿಂದೆ ಸೂಪರ್‌ವೈಸರ್ ಕುಮಾರಸ್ವಾಮಿ ಗೇಟಿನಲ್ಲಿ ನಿಂತು ಹೆಸರು ಕೂಗಿ ಹಾಜರಿ ಹಾಕುತ್ತಿದ್ದ. ಯಾರಾದರೂ ಬಿಟ್ಟು ಹೋದರೆ ಆ ಜಾಗಕ್ಕೆ ಜನ ಹುಡುಕುವುದೂ ಅವನದೇ ಕೆಲಸ. ಅವನು ಹುಡುಕಿದಾಗಲೆಲ್ಲ ಅದೇನೋ ಅವನ ಊರಿನ ಕಡೆಯವರೇ ಸಿಗುತ್ತಿದ್ದರು. ಆದ್ದರಿಂದ ಕಳೆದ ಯುಗಾದಿ ಆದ ಮೇಲೆ ಯಂತ್ರ ಬಂದಾಗ ಹೆಂಗಸರೆಲ್ಲ ಒಳಗೊಳಗೇ ಖುಷಿಪಟ್ಟಿದ್ದರು. ಅದಕ್ಕೆ ಊರಿಲ್ಲ, ನೆಂಟರಿಲ್ಲ, ಯಾರ ಮೇಲೂ ಸಿಟ್ಟಿಲ್ಲ ಎಂದು ಶಿವನಂಜಮ್ಮನೇ ಹೇಳಿದ್ದಳು. ಮೂರು ದಿನ ಒಂದೇ ಸಮನೆ ಹಾಜರಿ ಬೀಳದಿದ್ದರೆ ಅದು ತಾನಾಗಿ ಹೆಸರು ತೆಗೆದುಹಾಕಿ, ಕೆಲಸಕ್ಕಾಗಿ ಕಾಯುತ್ತಿರುವವರಲ್ಲಿ ಮುಂದಿನವರಿಗೆ ಮೆಸೇಜ್ ಕಳಿಸುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಅದು ಹೇಳದೆ ಕೇಳದೆ ಊರಿಗೆ ಹೋಗಿ ಕೂರುವವರ ಪಾಡು ಎಂದುಕೊಂಡಿದ್ದರು.

ಕುಮಾರಸ್ವಾಮಿ ಬಂದು ನೋಡಿದ. ಮೊದಲು ಒಳಗೆ ಹೋಗಿ ಕೆಲಸ ನೋಡಿ, ನಾನು ಫೋನ್ ಮಾಡಿ ಸರಿ ಮಾಡಿಸುತ್ತೇನೆ ಎಂದ. ಅವನು ಫೋನ್ ಮಾಡಿದ್ದೂ ನಿಜ. ಆದರೆ ಆ ಕಡೆ ಮಾತಾಡಿದ್ದೂ ಅಂಥದೇ ಒಂದು ದನಿ. ಅದು ದೂರು ದಾಖಲಾಯಿತು ಎಂದಿತು, ನಂಬರ್ ಕೊಟ್ಟಿತು, ನಿಮ್ಮ ದಿನ ಶುಭವಾಗಲಿ ಎಂದಿತು.

ಆ ದಿನವೆಲ್ಲ ಶಿವನಂಜಮ್ಮ ಮೂರನೇ ಮಹಡಿ ಒರೆಸಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು. ಮಾಡಿದ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಲೆಕ್ಕಕ್ಕೆ ಮಾತ್ರ ಬೀಳುತ್ತಿರಲಿಲ್ಲ.

ಮುಡಿಯ ಹರಕೆ ಹೊತ್ತದ್ದು ಮಗಳು ಪವಿತ್ರಳ ಹೆರಿಗೆಯಲ್ಲಿ. ಆಸ್ಪತ್ರೆಯವರು ತಾಯಿಯ ವಿಷಯವನ್ನೂ ಹೇಳದೆ, ಮಗುವಿನ ವಿಷಯವನ್ನೂ ಹೇಳದೆ ಬಾಗಿಲು ಹಾಕಿಕೊಂಡು ಓಡಾಡುತ್ತಿದ್ದಾಗ, ಹೊರಗೆ ನಿಂತಿದ್ದ ಶಿವನಂಜಮ್ಮ ಇಬ್ಬರನ್ನೂ ಉಳಿಸಿಕೊಡಪ್ಪ, ನನ್ನ ಮುಡಿ ಕೊಡುತ್ತೇನೆ ಎಂದು ಕೈ ಮುಗಿದಿದ್ದಳು. ಇಬ್ಬರೂ ಉಳಿದರು. ಪವಿತ್ರ ಈಗ ಶ್ರೀರಾಂಪುರದ ಬಾಡಿಗೆ ಮನೆಯಲ್ಲಿ ತಾಯಿಯ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಿದ್ದಳು. ಕೊಟ್ಟ ಮುಡಿ ಮೊಣಕಾಲಿಗೆ ಬರುವಷ್ಟು ಉದ್ದದ್ದು. ಕ್ಷೌರಿಕರ ಮುಂದೆ ಕೂತಾಗ ಶಿವನಂಜಮ್ಮನಿಗೆ ಒಂದು ಚೂರೂ ಬೇಜಾರಾಗಿರಲಿಲ್ಲ. ಕೊಡಬೇಕಾದ್ದು ಕೊಟ್ಟೆ, ಭಾರ ಇಳಿಯಿತು ಎಂದೇ ಬೆಟ್ಟ ಇಳಿದಿದ್ದಳು.

ಎರಡನೆಯ ದಿನ ಬಸಮ್ಮ ಚೀಲದಲ್ಲಿ ತನ್ನ ಚೌರಿ ತಂದಳು. ಮದುವೆ ಮುಂಜಿಗೆ ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಕೂದಲು. ಹೆಂಗಸರು ಸೈಕಲ್ ನಿಲ್ಲಿಸುವ ಜಾಗದ ಮರೆಯಲ್ಲಿ ಅದನ್ನು ಶಿವನಂಜಮ್ಮನ ಹಣೆಯ ಮೇಲಿಂದ ಹರಡಿ, ಕರಿ ಬಟ್ಟೆ ಕಟ್ಟಿ, ಪಿನ್ನು ಚುಚ್ಚಿ ಕೂರಿಸಿದರು. ಮೇಲೆ ಒಂದು ಮೊಳ ಮಲ್ಲಿಗೆಯನ್ನೂ ಇಟ್ಟರು.

“ನಿನ್ನ ಮದ್ವೇಲೂ ಇಷ್ಟು ಚೆಂದ ಕಂಡಿರ್ನಿಲ್ಲ ಕಣಕ್ಕ,” ಎಂದಳು ಬಸಮ್ಮ.

“ನೀನು ನನ್ನ ಮದ್ವೆಗೆ ಬಂದಿದ್ದೇನೇ?”

“ಬಂದಿರ್ನಿಲ್ಲ. ಅದ್ಕೇ ಧೈರ್ಯವಾಗಿ ಹೇಳ್ತಿದ್ದೀನಿ.”

ಯಂತ್ರ ನೋಡಿತು. ಗುರುತು ಸಿಗಲಿಲ್ಲ, ದಯವಿಟ್ಟು ಮುಖದ ಮೇಲಿನ ವಸ್ತು ತೆಗೆಯಿರಿ ಎಂದಿತು. ಆಗ ಯಾರೂ ನಗಲಿಲ್ಲ. ಶಿವನಂಜಮ್ಮ ಅಲ್ಲೇ ಪಿನ್ನು ಬಿಚ್ಚುತ್ತಾ ನಿಂತಳು. ಒಂದು ಪಿನ್ನು ನೆತ್ತಿಗೆ ತಗುಲಿ ರಕ್ತ ಬಂತು.

ಮೂರನೆಯ ದಿನ ಸಂಜೆ, ಅವಳು ಮನೆಗೆ ಬಂದು ಮಗುವಿಗೆ ನೀರು ಹಾಕಲು ಹಂಡೆಗೆ ಉರಿ ಹಚ್ಚುತ್ತಿದ್ದಾಗ ಮೆಸೇಜ್ ಬಂತು. ಅದನ್ನು ಓದಿದವಳು ಪವಿತ್ರ. ಓದಿ ಸುಮ್ಮನೆ ಫೋನನ್ನು ಮಗುಚಿಟ್ಟಳು. ಏನೆಂದು ತಾಯಿ ಎರಡು ಸಲ ಕೇಳಿದ ಮೇಲೆ ಹೇಳಿದಳು. ಸತತ ಗೈರುಹಾಜರಿಯ ಕಾರಣ ಸೇವೆ ಮುಗಿದಿದೆ ಎಂದಿತ್ತು.

“ನನ್ನಿಂದ್ಲೇ ಅಲ್ವೇನವ್ವ ಇದು?” ಎಂದಳು ಪವಿತ್ರ.

“ಸುಮ್ಗಿರು. ಹಾಲು ಕುಡಿಸೋಳು ಕಣ್ಣಲ್ಲಿ ನೀರು ಹಾಕ್ಬಾರ್ದು.”

ಗೂಡ್ಸ್ ಆಟೊ ಓಡಿಸುವ ಗಂಡ ಬೆಟ್ಟಯ್ಯ, ಕೂದಲು ಬೆಳೆಯುವವರೆಗೂ ಮನೆಯಲ್ಲಿ ಇದ್ದು ಮೊಮ್ಮಗನನ್ನು ಆಡಿಸು ಎಂದು ತಮಾಷೆ ಮಾಡಲು ನೋಡಿದ. ಹೆಂಡತಿಯ ಮುಖ ನೋಡಿ ಮಾತು ಅರ್ಧಕ್ಕೆ ನಿಲ್ಲಿಸಿದ. ಅವನ ಆಟೊ ತಿಂಗಳಲ್ಲಿ ಹತ್ತು ದಿನ ಸ್ಟಾಂಡಿನಲ್ಲೇ ಇರುತ್ತದೆ. ಮನೆಗೆ ನೆಚ್ಚಿಕೊಳ್ಳಬಹುದಾದ ಸಂಬಳ ಅವಳದೇ ಎಂದು ಇಬ್ಬರಿಗೂ ಗೊತ್ತಿತ್ತು. ಆ ಹನ್ನೊಂದು ವರ್ಷದ ಸರ್ವೀಸಿಗೆ ಕೊನೆಯಲ್ಲಿ ಕೈಗೆ ಬರುವ ಗ್ರಾಚ್ಯುಟಿಯನ್ನು ನಂಬಿ ಕೆಲವು ಆಸೆಗಳನ್ನೂ ಇಟ್ಟುಕೊಂಡಿದ್ದರು.

ಮಾರನೆಯ ಬೆಳಗ್ಗೆ ಅವಳು ಹೋದಳು. ಕೆಲಸವಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲವಲ್ಲ ಎಂಬುದೊಂದೇ ಧೈರ್ಯ.

ಗೇಟಿನ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಒಗೆದು ಇಸ್ತ್ರಿ ಮಾಡಿದ ಚೂಡಿದಾರ, ತೊಡೆಯ ಮೇಲೆ ಊಟದ ಡಬ್ಬಿ, ಕೈಯಲ್ಲಿ ಫೋನು. ಹೆಸರು ಸಿಂಚನ, ಅಶೋಕಪುರಂ ಕಡೆಯವಳು. ರಾತ್ರಿ ಮೆಸೇಜ್ ಬಂದಿತ್ತು, ಮೂರನೇ ಮಹಡಿಗೆ ಜನ ಬೇಕಂತೆ, ಇವತ್ತಿನಿಂದಲೇ ಸೇರಬೇಕಂತೆ ಎಂದು ಕುಮಾರಸ್ವಾಮಿಗೆ ಹೇಳುತ್ತಿದ್ದಳು. ಅವನು ಶಿವನಂಜಮ್ಮನನ್ನು ನೋಡಿ ಮಾತು ಬೇರೆ ಕಡೆಗೆ ತಿರುಗಿಸಿದ. ಆದರೆ ಅವಳಿಗೆ ಕೇಳಿಸಿಬಿಟ್ಟಿತ್ತು. ಮೂರನೇ ಮಹಡಿ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕುಮಾರಸ್ವಾಮಿ ಅವಳನ್ನು ಪಕ್ಕಕ್ಕೆ ಕರೆದ.

“ಅಕ್ಕ, ಒಂದು ದಾರಿ ಐತೆ. ಹೊಸದಾಗಿ ಸೇರ್ಕೊಂಬುಡಿ. ಈಗಿರೋ ಮುಖಾನೇ ಹೊಸ ಮುಖ ಅಂತ ಫೋನಲ್ಲಿ ಏರಿಸ್ಬುಡ್ತೀನಿ. ಇನ್ನೊಂದು ಜಾಗ ಖಾಲಿ ಐತೆ, ಇವತ್ತೇ ಒಳಗೆ ಹೋಗ್ಬೋದು.”

“ನನ್ನ ಹನ್ನೊಂದು ವರ್ಸ?”

ಹೊಸಬಳಾದರೆ ಹೊಸಬಳ ಸಂಬಳ, ಹೊಸಬಳ ಲೆಕ್ಕ. ಅದು ಹೇಳದೆಯೂ ತಿಳಿಯುವಂಥದು. ಶಿವನಂಜಮ್ಮನಿಗೆ ಕೈಬಿಟ್ಟು ಹೋಗುತ್ತಿರುವುದನ್ನು ಪೂರ್ತಿ ಬಿಡುವುದಕ್ಕಿಂತ ಅರ್ಧ ಹಿಡಿದುಕೊಳ್ಳುವುದೇ ಮೇಲೆಂದು ಅನ್ನಿಸಿತು. ಮನೆ ನಡೆಸುವವರಿಗೆ ಎಷ್ಟೋ ಸಲ ಹಾಗೆಯೇ ಅನ್ನಿಸುವುದು.

“ಆಗ್ಲಿ ಏರಿಸು,” ಎಂದಳು.

ಅವನು ಫೋನು ಹಿಡಿದ. ಸೆರಗು ತೆಗೆಸಿ, ಎಡಕ್ಕೆ, ಬಲಕ್ಕೆ ತಿರುಗಿಸಿ ಫೋಟೋ ತೆಗೆದ. ಪರದೆಯ ಮೇಲೆ ಚಕ್ರ ತಿರುಗಿತು. ಆಮೇಲೆ ಕೆಂಪು ಅಕ್ಷರ ಬಂತು. ಅವನು ಅದನ್ನು ಮನಸ್ಸಿನಲ್ಲೇ ಓದಿಕೊಂಡ, ಆಮೇಲೆ ಗಟ್ಟಿಯಾಗಿ ಓದಿದ. ‘ಈ ಮುಖ ಈಗಾಗಲೇ ನಮ್ಮಲ್ಲಿದೆ: ಶಿವನಂಜಮ್ಮ, ಹೌಸ್‌ಕೀಪಿಂಗ್. ಒಬ್ಬರೇ ಎರಡು ಸಲ ಸೇರುವುದು ಅಪರಾಧ. ಮೇಲಿನವರಿಗೆ ತಿಳಿಸಲಾಗಿದೆ.’

ಅಪರಾಧ ಎಂಬ ಮಾತು ಕೇಳಿ ಅವಳು ಹುಡುಗಿ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲೇ ಕೂತಳು. ಮೂರು ದಿನದಿಂದ ಇದ್ದದ್ದು ಕೆಲಸ ಹೋಗುವ ಭಯ. ಈಗ ಕಳ್ಳಿಯೆಂಬ ಹೆಸರೂ ಸೇರಿಕೊಂಡಿತು. ಪೊಲೀಸರು ಬರುತ್ತಾರೆಯೇ, ಪಿಎಫ್ ದುಡ್ಡನ್ನೂ ತಡೆಹಿಡಿಯುತ್ತಾರೆಯೇ, ಅಳಿಯನ ಮನೆಯವರ ಕಿವಿಗೆ ಬಿದ್ದರೆ ಏನೆಂದುಕೊಳ್ಳುತ್ತಾರೆ ಎಂದು ಒಂದರ ಹಿಂದೆ ಒಂದು ಯೋಚನೆ ಬಂತು. ಸಿಂಚನ ತನ್ನ ನೀರಿನ ಬಾಟಲಿ ಮುಂದೆ ಚಾಚಿದಳು. ಶಿವನಂಜಮ್ಮ ಬೇಡವೆನ್ನದೆ ಕುಡಿದಳು.

ಕುಮಾರಸ್ವಾಮಿಗೂ ಭಯವಾಗಿತ್ತು, ಏರಿಸಿದ ಫೋನು ಅವನದು. ಅವಳನ್ನು ಕರೆದುಕೊಂಡು ಮೂರನೇ ಮಹಡಿಯಲ್ಲೇ ಇದ್ದ ಏಜೆನ್ಸಿ ಕೋಣೆಗೆ ಹೋದ. ಅಲ್ಲಿ ಮೊದಲು ನಾಲ್ಕು ಜನ ಇದ್ದರು. ಈಗ ಇರುವವಳು ಸುಷ್ಮಾ ಒಬ್ಬಳೇ. ಉಳಿದ ಮೂವರ ಕೆಲಸ ಅವಳ ಮುಂದಿನ ಕಂಪ್ಯೂಟರೇ ಮಾಡುತ್ತಿತ್ತು. ಅದು ಮಾಡಿದ್ದಕ್ಕೆ ಸರಿ ಎನ್ನುವುದಷ್ಟೇ ಅವಳ ಪಾಲಿಗೆ ಉಳಿದದ್ದು. ಖಾಲಿಯಾದ ಮೂರು ಕುರ್ಚಿಗಳನ್ನು ಯಾರೂ ಎತ್ತಿರಲಿಲ್ಲ.

ಸುಷ್ಮಾ ಕೆಂಪು ಅಕ್ಷರವನ್ನು ಆಗಲೇ ನೋಡಿದ್ದಳು. ಕುಮಾರಸ್ವಾಮಿ ಹೇಳಿದ್ದನ್ನೆಲ್ಲ ಕೇಳಿ, ಗೇಟಿನ ಯಂತ್ರದ ಮೂರು ದಿನದ ಚಿತ್ರಗಳನ್ನು ತೆರೆದಳು. ಸೆರಗಿನ ಶಿವನಂಜಮ್ಮ, ಬೋಳುತಲೆಯ ಶಿವನಂಜಮ್ಮ, ಮಲ್ಲಿಗೆ ಮುಡಿದ ಶಿವನಂಜಮ್ಮ. ಸುಷ್ಮಾಳ ತುಟಿಯಲ್ಲಿ ನಗು ಬಂದು ಹೋಯಿತು. ಗೇಟಿನಲ್ಲಿ ಬೇರೆಯವರು ನುಗ್ಗಬಾರದೆಂದು ಅದು ತುಂಬ ಬಿಗಿಯಾಗಿ ನೋಡುತ್ತದೆ, ಸೇರಿಸಿಕೊಳ್ಳುವಾಗ ಮೋಸ ಆಗಬಾರದೆಂದು ಚೂರು ಹೋಲಿಕೆಯಿದ್ದರೂ ಹಿಡಿಯುತ್ತದೆ ಎಂದು ವಿವರಿಸಿದಳು. ಎರಡು ಕಡೆಯೂ ಅದು ತನಗೆ ಹೇಳಿದ್ದನ್ನೇ ಮಾಡಿದೆ.

“ಅಂಗಾದ್ರೆ ನಾನು ಹಳಬ್ಳೋ, ಹೊಸಬ್ಳೋ ಮೇಡಂ?” ಎಂದಳು ಶಿವನಂಜಮ್ಮ. ಅವಳು ವಾದ ಮಾಡಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು.

ಸುಷ್ಮಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಸರಿ ಮಾಡಬಹುದು ಶಿವನಂಜಮ್ಮ. ಯಂತ್ರ ತಪ್ಪು ಮಾಡಿದೆ, ನಾನು ನೋಡಿದ್ದೇನೆ, ಈ ಮೂರು ದಿನ ಇವರು ಬಂದಿದ್ದರು ಅಂತ ನನ್ನ ಹೆಸರಲ್ಲಿ ಬರೆಯಬೇಕು. ಹಾಗೆ ಎಷ್ಟು ಸಲ ಬರೆದೆ ಅಂತ ಮೇಲಿನವರು ಎಣಿಸ್ತಾರೆ. ಈ ತಿಂಗಳು ಆಗಲೇ ಜಾಸ್ತಿ ಆಗಿದೆ. ಇಲ್ಲಿದ್ದ ಮೃತ್ಯುಂಜಯ ಅವರೂ ಹೀಗೇ ಬರೀತಾ ಇದ್ದರು.”

ಮೃತ್ಯುಂಜಯ ಆ ಖಾಲಿ ಕುರ್ಚಿಗಳಲ್ಲಿ ಒಂದರಲ್ಲಿ ಕೂರುತ್ತಿದ್ದವರು. ಅವರ ಕೆಲಸ ಹೋದದ್ದು ಹೇಗೆಂದು ಕೇಳುವ ಅಗತ್ಯ ಇರಲಿಲ್ಲ. ಬರೆಯಿರಿ ಎಂದರೆ ಆ ಹೆಣ್ಣುಮಗಳ ಅನ್ನಕ್ಕೆ ಕೈ ಹಾಕಿದಂತೆ. ಬೇಡ ಎಂದರೆ ತನ್ನ ಮನೆಗೆ ಏನೆಂದು ಹೇಳುವುದು? ಕೊನೆಗೆ ಶಿವನಂಜಮ್ಮ ತನಗೆ ಗೊತ್ತಿದ್ದ ಒಂದೇ ಮಾತು ಹೇಳಿದಳು.

“ನಿಮ್ಗೆ ತೊಂದ್ರೆ ಆಯ್ತದೆ ಅಂದ್ರೆ ನಾನು ಬಲವಂತ ಮಾಡಲ್ಲ ಕಣ್ರವ್ವ. ಆದ್ರೆ ನಾನು ಬಂದಿದ್ದೆ. ಮೂರು ದಿನಾನೂ ಬಂದಿದ್ದೆ. ನಿಮ್ಮ ಮೇಜೂ ಒರೆಸಿದೀನಿ.”

ಸುಷ್ಮಾ ಮೇಜನ್ನು ನೋಡಿದಳು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಬರೆಯತೊಡಗಿದಳು. ಬರೆದದ್ದನ್ನು ಒಮ್ಮೆ ಅಳಿಸಿದಳು, ಮತ್ತೆ ಬರೆದಳು. ಗುಂಡಿ ಒತ್ತುವ ಮುಂಚೆ ಶಿವನಂಜಮ್ಮನನ್ನು ಗೋಡೆಗೆ ನಿಲ್ಲಿಸಿ ಹೊಸ ಫೋಟೋ ತೆಗೆದು ಹಳೆಯ ಹೆಸರಿಗೆ ಸೇರಿಸಿದಳು. ಒತ್ತಿದ ಮೇಲೆ, ಅಪರಾಧದ ದೂರೂ ಇದರಲ್ಲೇ ಹೋಯಿತು, ಇನ್ನು ಹೋಗಿ, ಕೂದಲು ಬೆಳೆಯುತ್ತಾ ಬಂದ ಹಾಗೆ ತಿಂಗಳಿಗೊಮ್ಮೆ ಫೋಟೋ ತೆಗೆಸಿಕೊಳ್ಳಿ ಎಂದಳು. ಮುಖ ಎತ್ತಿ ಹೇಳಲಿಲ್ಲ.

ಶಿವನಂಜಮ್ಮ ಮೆಟ್ಟಿಲಿಳಿದು ಬಂದಳು. ಹಾಜರಿ ಹಾಕಲು ಗೇಟಿಗೆ ಬಂದರೆ ಸಿಂಚನ ಬೆಂಚಿನಿಂದ ಎದ್ದು ನಿಂತಳು.

“ಆಂಟಿ, ಇದ್ಯಾಕೋ ಬೇರೆ ಥರ ಬಂದಿದೆ ನೋಡಿ. ಜಾಗ ಖಾಲಿ ಇಲ್ಲ, ನಿಮ್ಮ ಹೆಸರು ಕೊನೆಗೆ ಹೋಗಿದೆ ಅಂತಿದೆ. ಈಗ ತಾನೆ ಬಂತು. ಸೂಪರ್‌ವೈಸರ್ ನಿಮ್ಗೆ ಇನ್ನೊಂದು ಜಾಗ ಇದೆ ಅಂದ್ರಲ್ಲ, ಗೇಟಲ್ಲಿ ಕೇಳಿದ್ರೆ ಅದಕ್ಕೂ ಬೇರೆಯವ್ರನ್ನ ಕರೆದಾಗಿದ್ಯಂತೆ.”

ಇವಳು ಇದುವರೆಗೆ ಎಲ್ಲಿ ಕೆಲಸಕ್ಕಿದ್ದಳೆಂದು ಶಿವನಂಜಮ್ಮ ಕೇಳಿದಳು. ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಬಳೆ, ರಿಬ್ಬನ್ನು ಮಾರುವ ಕೆಲಸ. ನಿನ್ನೆ ರಾತ್ರಿಯೇ ಅಂಗಡಿಯವರಿಗೆ ಇನ್ನು ಬರುವುದಿಲ್ಲ ಎಂದು ಹೇಳಿ ಮುಗಿಸಿದ್ದಳು.

ಯಂತ್ರ ಹಾಗೇ ಮಾಡುತ್ತದೆ, ಏನು ಮಾಡೋದು ಹೇಳು ಎಂದುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನೀರು ಕೊಟ್ಟ ಹುಡುಗಿಗೆ ಅಷ್ಟು ಹೇಳಿ ಒಳಗೆ ಹೋಗಲು ಅವಳಿಗೆ ಮನಸ್ಸು ಬರಲಿಲ್ಲ.

“ಅದು ನನ್ನ ಜಾಗ ಕಣವ್ವ. ನನ್ನ ತೆಗ್ದು ನಿನ್ನ ಕರೆದಿತ್ತು. ನಾನು ಈಗ ಮೇಲೋಗಿ ವಾಪಸ್ ಇಸ್ಕೊಂಡು ಬಂದೆ.”

ಸಿಂಚನ ಅವಳ ಬೋಳುತಲೆಯನ್ನೂ ಫೋನನ್ನೂ ನೋಡಿದಳು. ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಶಿವನಂಜಮ್ಮನಿಗೆ ಸ್ವಲ್ಪ ಹಗುರವಾಗುತ್ತಿತ್ತು.

“ಹಂಗಾದ್ರೆ ನಾನು ಹೊರಡ್ಲಾ?”

“ತಡಿ. ಅಂಗಡಿಯೋರಿಗೆ ಈಗ್ಲೇ ಫೋನ್ ಮಾಡು. ಇನ್ನೊಬ್ರನ್ನ ಸೇರಿಸ್ಕೊಳೋದ್ರೊಳಗೆ ಕೇಳ್ಬುಡ್ಬೇಕು. ತಪ್ಪಾಯ್ತು, ಬತ್ತೀನಿ ಅನ್ನು. ನಾಚ್ಕೊಬೇಡ.”

ಹುಡುಗಿ ಮಾಡಿದಳು. ಪೂರ್ತಿ ರಿಂಗಾಗಿ ನಿಂತುಹೋಯಿತು. ಮತ್ತೆ ಮಾಡಿದಳು. ಒಳಗಿನಿಂದ ಕುಮಾರಸ್ವಾಮಿ, ಹೊತ್ತು ಮೀರಿದರೆ ಇವತ್ತಿನದೂ ಗೈರು ಬೀಳುತ್ತದೆ, ಬೇಗ ಬಂದು ಮುಖ ತೋರಿಸಿ ಎಂದು ಕೈ ಬೀಸಿ ಕರೆಯುತ್ತಿದ್ದ. ಶಿವನಂಜಮ್ಮ ಬಂದೆ ಎಂದು ಕೈ ಮಾಡಿದಳು, ಆದರೆ ಹೋಗಲಿಲ್ಲ. ಹುಡುಗಿಯ ಮೊಣಕೈ ಹಿಡಿದುಕೊಂಡು, ಅವಳ ಕಿವಿಯ ಹತ್ತಿರದ ಫೋನಿಗೆ ತಾನೂ ಕಿವಿಗೊಟ್ಟು ನಿಂತಳು.

ಮೂರನೆಯ ಸಲ ಯಾರೋ ಎತ್ತಿದರು. “ಯಾರು, ಸಿಂಚನಾನಾ?” ಎಂದಿತು ಆ ಕಡೆಯ ದನಿ. ಹುಡುಗಿ ಒಮ್ಮೆ ಶಿವನಂಜಮ್ಮನ ಮುಖ ನೋಡಿ, “ಹೌದು ಅಣ್ಣ, ನಾನೇ,” ಎಂದು ಮಾತು ಶುರುಮಾಡಿದಳು.